ಹೋದವರು, ಹೋಗಿ ಬಂದವರು

ಊಟದ ಬಿಡುವು ಮುಗಿದ ಕೂಡಲೇ ನನ್ನ ತರಗತಿ.
ಇಪ್ಪತ್ತೆರಡು ಜನ; ಡೆಸ್ಕಿನಡಿ ಸೂರ್ಯಕಾಂತಿ ಬೀಜದ ಸಿಪ್ಪೆ;
ಕಿಟಕಿಯಾಚೆ ಜೆಸ್ತಾಫೊನಿಯ ಕಾರ್ಖಾನೆ
ಯಾರನ್ನೂ ಕೇಳದೆ ಕೆಮ್ಮುತ್ತಿದೆ.
"ಮಾಸ್!" ಎನ್ನುತ್ತಾರೆ ನನ್ನನ್ನು, ಟೀಚರ್ ಎಂಬುದರ ಮೊಟಕು,
"ಮಾಸ್, ಕಿಟಕಿ ತೆಗೆಯಲಾ? ಮಾಸ್, ನೀರು ಕುಡಿದು ಬರಲಾ?"
"ಇನ್ ಇಂಗ್ಲಿಷ್, ಪ್ಲೀಸ್" ಎನ್ನುತ್ತೇನೆ ನಾನು,
ದಿನಕ್ಕೆ ನಲವತ್ತು ಸಲ, ಕಂಡಕ್ಟರು ಟಿಕೆಟ್ ಕೇಳಿದ ಹಾಗೆ.
ಮಾತು ಸಿಗುವಷ್ಟರಲ್ಲಿ ಬಾಯಾರಿಕೆಯೇ ಆರಿಹೋಗಿರುತ್ತದೆ.

ಅರ್ಧ ದಾರಿಗೆ ಬಂದ ಮಕ್ಕಳು ಇವರು.
ಸೇಬು, ಬೆಕ್ಕು, ನೀಲಿ ಬಣ್ಣ ಅಂದರೆ ಮೂಗು ಮುರಿಯುತ್ತಾರೆ.
ಜಗಳಕ್ಕೆ, ಪ್ರೀತಿಗೆ, ನೆಪಕ್ಕೆ ಬೇಕಾದ ಇಂಗ್ಲಿಷ್ ಇನ್ನೂ ಬಂದಿಲ್ಲ.
ನಡುವಾಕ್ಯದಲ್ಲಿ ಕಾಲಿಗೆ ನೆಲ ಸಿಗದೆ
ಮತ್ತೆ ಕಾರ್ತುಲಿಯ ದಡಕ್ಕೇ ಈಜುತ್ತಾರೆ.
'ಎ' ಮತ್ತು 'ದ' ನಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲ;
ಬಚಾನಾ ಮಾತ್ರ ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತಾನೆ,
ತನ್ನ ನಾಯಿಯ ಹೆಸರಿಗೂ.
ಇನ್ನು 'ಮಾಮಾ'. ಇಂಗ್ಲಿಷ್ ಹಾಡುಗಳಲ್ಲಿ ತಾಯಿ,
ಜಾರ್ಜಿಯಾದಲ್ಲಿ ಅಪ್ಪ.
ಆರನೇ ತರಗತಿಗೇ ಮುಗಿಯಬೇಕಿದ್ದ ಆ ನಗು
ಇವತ್ತಿಗೂ ಹಿಂದಿನ ಬೆಂಚಿನಲ್ಲಿ ಮೀಸೆ ಚಿಗುರಿಸಿಕೊಂಡು ಕೂತಿದೆ.

ಇವತ್ತು ಬೋರ್ಡಿನ ಮೇಲೆ ಎರಡು ಮನೆ, ನಡುವೆ ಬಾಣ.
ಹೋಗಿ ತಿರುಗಿ ಬಂದರೆ 'ಹ್ಯಾಸ್ ಬೀನ್ ಟು'.
ಹೋಗಿ, ಇನ್ನೂ ಬಾರದಿದ್ದರೆ 'ಹ್ಯಾಸ್ ಗಾನ್ ಟು'.
ಟೋರ್ನಿಕೆ ಎದ್ದ. ವರ್ಷದಲ್ಲೇ ಮೊದಲ ಸಲ, ಒಂದೂ ತಪ್ಪಿಲ್ಲದೆ:
"ಹ್ಯಾವ್ ಯು ಎವರ್ ಬೀನ್ ಟು ಲಂಡನ್?"
"ನೋ, ಐ ಹ್ಯಾವಂಟ್."
ನನ್ನದೂ ತಪ್ಪಿಲ್ಲದ ಉತ್ತರ.
ರಷ್ಯನ್ ವಿವರಣೆಯ ಪುಸ್ತಕದಿಂದ ಇಂಗ್ಲಿಷ್ ಕಲಿತವಳು ನಾನು;
ಅದನ್ನು ಹುಟ್ಟುಬಾಯಲ್ಲಿ ಕೇಳಿದ್ದು ಮೂವತ್ತೊಂದರಲ್ಲಿ,
ದಾರಿ ತಪ್ಪಿ ಬಂದ ಒಬ್ಬ ಸೈಕಲ್ ಸವಾರನಿಂದ.
ಅವನಿಗೆ ದಾರಿ ಹೇಳುವಾಗ
ನನಗೇ ಎಡ ಬಲ ಮರೆತುಹೋಗಿತ್ತು.

ಮನೆಯವರ ಬಗ್ಗೆ ಐದು ವಾಕ್ಯ ಬರೆಯಿರಿ ಅಂದೆ.
ಅನ್ನಬಾರದಿತ್ತೇನೋ.
ಒಂಬತ್ತು ಪುಸ್ತಕಗಳಲ್ಲಿ ಇಟಲಿ, ಗ್ರೀಸು;
ಬೇರೆಯವರ ಮುದುಕರಿಗೆ ಮೀಯಿಸಲು ಹೋದ ತಾಯಂದಿರು.
ಎಂಟು ಜನ 'ಗಾನ್' ಎಂದೇ ಬರೆದಿದ್ದರು, ಕಾಗುಣಿತ ಕೂಡ ಸರಿ.
ನುತ್ಸಾ ಒಬ್ಬಳು:
"ಮೈ ಮದರ್ ಹ್ಯಾಸ್ ಬೀನ್ ಟು ಬೊಲೋನ್ಯಾ."

"ಬಂದಿದ್ದಾಳಾ ಅಮ್ಮ?" ಮೆತ್ತಗೆ, ಕಾರ್ತುಲಿಯಲ್ಲೇ ಕೇಳಿದೆ.
ಬಂದಿಲ್ಲ. ನಾಲ್ಕು ವರ್ಷ.
ಬರುವುದು ಭಾನುವಾರದ ವ್ಯಾನು: ಕಾಫಿ ಪುಡಿ, ಸೋಪು,
ಒಂದು ಜೊತೆ ಬೂಟು, ಎರಡಳತೆ ಚಿಕ್ಕದು.
ಅಲ್ಲಿ ಅವಳ ಪಾದಕ್ಕೆ ಇನ್ನೂ ಹನ್ನೆರಡು ವಯಸ್ಸು.
ಮನೆಯಲ್ಲಿ ತಂಗಿಗೆ ಜಡೆ ಹಾಕುವುದು ಮಾಮಾ;
ಸೊಟ್ಟ ಬೈತಲೆ, ಕಣ್ಣಲ್ಲಿ ನೀರು ಬರುವಷ್ಟು ಬಿಗಿ.
ಆ ಮಾತಿಗೆ ಹಿಂದಿನ ಬೆಂಚು ನಗಲಿಲ್ಲ.

'ಟು' ತೆಗೆದು 'ಇನ್' ಹಾಕು, ಸರಿಹೋಗುತ್ತದೆ ಎಂದೆ,
ಅಲ್ಲೇ ಇದ್ದಾಳೆ ಎಂದಾಗುತ್ತದೆ.
ಅವಳು ರಬ್ಬರು ಹುಡುಕಲಿಲ್ಲ.
ನಾನೇನು ಮಾಡಲಿ, ಜೂನಿನ ಪರೀಕ್ಷೆಯವರಿಗೆ
ವ್ಯಾನು ಗೊತ್ತಿಲ್ಲ, ಬೂಟು ಗೊತ್ತಿಲ್ಲ.
ಅರ್ಧ ಅಂಕ ಕಳೆದೆ.

ಗಂಟೆ ಹೊಡೆಯಿತು. ಕುರ್ಚಿಗಳು ಕಿರುಚಿ ಖಾಲಿಯಾದವು.
ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಿದ್ದೆ, ಮೇಜಿನ ಬಳಿ ನುತ್ಸಾ.
"ಮಾಸ್, ಅವಳು ಬಂದ ದಿನ ಈ ವಾಕ್ಯ ಸರಿಯಾಗುತ್ತದಲ್ಲ?"
"ಆಗುತ್ತದೆ."
"ಆವತ್ತು ನನ್ನ ಅರ್ಧ ಅಂಕ ವಾಪಸು ಕೊಡುತ್ತೀರಾ?"
ಕೊಡುತ್ತೇನೆ ಎಂದೆ.
ಪುಸ್ತಕ ಎದೆಗೊತ್ತಿಕೊಂಡು, ಕದಲದೆ,
ನನ್ನದೇ ದನಿ ತೆಗೆದು ಎಂದಳು:
"ಇನ್ ಇಂಗ್ಲಿಷ್, ಪ್ಲೀಸ್."